ತಾಲ್ಲೂಕು ಕೋರ್ಟಿಗೆ ಬಂದ ಎಐ: ಸಹಿ ಮಾತ್ರ ವಕೀಲರದೇ

ಅರಸೀಕೆರೆ ಸೀಮೆಯಲ್ಲಿ ಒಂದು ತೆಂಗಿನ ತೋಟ ಪಾಲಿಗೆ ಬಂತೆಂದರೆ ಆ ಮನೆಯ ಮೂರು ತಲೆಮಾರಿನ ಕಾಗದಪತ್ರ ಟ್ರಂಕಿನಿಂದ ಹೊರಬೀಳುತ್ತದೆ. ಅಜ್ಜ ಮಾಡಿಸಿಕೊಂಡ ಕ್ರಯಪತ್ರ, ಕೈಬರಹದ ಪಹಣಿ, ಮ್ಯುಟೇಷನ್ ನಕಲು, ಸರ್ವೆ ಟಿಪ್ಪಣಿ, ಆಕಾರಬಂದ್, ಊರ ಹಿರಿಯರು ಕೂತು ಬರೆಸಿದ ಪಾಲುಪಾರಿಕತ್ತು, ಸಾಲ ತೀರಿದ್ದಕ್ಕೆ ಸೊಸೈಟಿ ಕೊಟ್ಟ ಚೀಟಿ. ಇಷ್ಟನ್ನೂ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಕಕ್ಷಿದಾರರು ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ವಕೀಲರು ಒಂದೊಂದೇ ಹಾಳೆ ಬಿಡಿಸಿ ಓದಬೇಕು, ಇಸವಿ ಜೋಡಿಸಬೇಕು, ಸರ್ವೆ ನಂಬರು ತಾಳೆ ನೋಡಬೇಕು, ಚಕ್ಕುಬಂದಿ ಬರೆದುಕೊಳ್ಳಬೇಕು, ವಂಶವೃಕ್ಷದಲ್ಲಿ ಯಾರೂ ಬಿಟ್ಟುಹೋಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ದಾವಾಪತ್ರ, ಪ್ರಮಾಣಪತ್ರ, ತಡೆಯಾಜ್ಞೆ ಕೋರುವ ಮಧ್ಯಂತರ ಅರ್ಜಿ. ಬೇಲೂರಿನಲ್ಲೂ ಇದೇ ಕ್ರಮ. ಅಲ್ಲಿ ಕಾಫಿ, ಮೆಣಸು, ಜೋಳ, ಶುಂಠಿಯ ನೆಲವೂ ಸೇರಿಕೊಳ್ಳುತ್ತದೆ. ಹಳೇಬೀಡು ಹೋಬಳಿಯವರೂ ಕೋರ್ಟಿನ ಕೆಲಸಕ್ಕೆ ಬೇಲೂರಿಗೇ ಬರಬೇಕು.

ಈ ಕೆಲಸದೊಳಕ್ಕೆ ಕೃತಕ ಬುದ್ಧಿಮತ್ತೆ ಸದ್ದಿಲ್ಲದೆ ಬಂದು ಕೂತಿದೆ. ಬೆಂಗಳೂರಿನ ದೊಡ್ಡ ಕಾನೂನು ಸಂಸ್ಥೆಗಳು ವರ್ಷಕ್ಕೆ ದುಡ್ಡು ಕಟ್ಟಿ ಇದಕ್ಕೆಂದೇ ಮಾಡಿದ ತಂತ್ರಾಂಶಗಳನ್ನು ತರಿಸಿಕೊಳ್ಳುತ್ತವೆ. ತಾಲ್ಲೂಕಿನ ಕಿರಿಯ ವಕೀಲರ ಕೈಯಲ್ಲಿ ಇರುವುದು ಮೊಬೈಲು, ಅದರಲ್ಲಿ ಪುಕ್ಕಟೆ ಸಿಗುವ ಚಾಟ್‌ಜಿಪಿಟಿಯಂಥ ಆ್ಯಪು. ಲೀಗಲ್ ನೋಟಿಸಿನ ಕರಡು ಬೇಕೆಂದರೆ ನಿಮಿಷದಲ್ಲಿ ಬರುತ್ತದೆ. ಕನ್ನಡದ ಹೇಳಿಕೆಯನ್ನು ಇಂಗ್ಲಿಷಿಗೆ ಮಾಡಿಕೊಡು ಎಂದರೂ ಮಾಡಿಕೊಡುತ್ತದೆ. ಇಂಥ ಅಂಶಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಯಾವುದಿದೆ ಎಂದು ಕೇಳಿದರೆ ಪಕ್ಷಗಾರರ ಹೆಸರು, ಇಸವಿ, ಪುಟಸಂಖ್ಯೆ ಸಮೇತ ಉತ್ತರ ಸಿದ್ಧ.

ಮೊದಲಿನ ಎರಡು ಕೆಲಸಗಳಿಂದ ಹಳ್ಳಿಯ ಕಕ್ಷಿದಾರರಿಗೆ ನಿಜವಾದ ಉಪಕಾರವಿದೆ. ಮೂರನೆಯದರಲ್ಲಿ ಅವರ ತೋಟವೇ ಕೈಬಿಟ್ಟುಹೋಗುವಷ್ಟು ಅಪಾಯವಿದೆ. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣುವುದು, ಯಾವುದನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂದು ಗೆರೆ ಎಳೆಯುವುದು ವಕೀಲ ವೃತ್ತಿಯ ಮುಂದಿರುವ ದೊಡ್ಡ ಹೊಣೆ. ಆ ಗೆರೆಯನ್ನು ದೆಹಲಿ, ಬೆಂಗಳೂರಿನಲ್ಲಿ ಕೂತು ಎಳೆದರೆ ಸಾಲದು. ತಾಲ್ಲೂಕು ನ್ಯಾಯಾಲಯದ ಕಟಕಟೆಯ ಬಳಿ ನಿಂತು ಎಳೆಯಬೇಕು.

ಇಲ್ಲದ ತೀರ್ಪುಗಳು

2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಮುಂದೆ ಒಂದು ವಾಣಿಜ್ಯ ವ್ಯಾಜ್ಯ ಬಂತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಕೊಟ್ಟಿದ್ದ ಆದೇಶವನ್ನು ಪ್ರಶ್ನಿಸಿದ್ದ ಅರ್ಜಿ ಅದು. ಕೆಳಗಿನ ನ್ಯಾಯಾಧೀಶರು ಆಧಾರವಾಗಿ ಹೆಸರಿಸಿದ್ದ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಹುಡುಕಿದರೆ ಅಂಥ ತೀರ್ಪುಗಳೇ ಇರಲಿಲ್ಲ. ತಾವು ಅವನ್ನು ಉಲ್ಲೇಖಿಸಿಯೇ ಇರಲಿಲ್ಲವೆಂದು ವಾದಿಗಳ ಪರ ವಕೀಲರೂ ಹೇಳಿದರು. ಇದು ಮುಂದಿನ ತನಿಖೆಗೂ ಕ್ರಮಕ್ಕೂ ಅರ್ಹವಾದ ಸಂಗತಿ ಎಂದ ಹೈಕೋರ್ಟ್, ಆದೇಶದ ಪ್ರತಿಯನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಿತು.

ಅದಕ್ಕೂ ಕೆಲವೇ ತಿಂಗಳ ಹಿಂದೆ, 2024ರ ಡಿಸೆಂಬರ್ ಕೊನೆಯಲ್ಲಿ, ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಒಂದು ಟ್ರಸ್ಟಿನ ಪ್ರಕರಣದಲ್ಲಿ ಆದೇಶ ಕೊಟ್ಟಿತ್ತು. ಅದರಲ್ಲಿ ಹೆಸರಿಸಿದ್ದ ಸುಪ್ರೀಂ ಕೋರ್ಟಿನ ಮೂರು ತೀರ್ಪು, ಮದ್ರಾಸ್ ಹೈಕೋರ್ಟಿನ ಒಂದು ತೀರ್ಪು ಎಲ್ಲಿಯೂ ಸಿಗಲಿಲ್ಲ. ಪೀಠ ತನ್ನ ಆದೇಶವನ್ನೇ ಹಿಂಪಡೆಯಬೇಕಾಯಿತು. ಇದಕ್ಕೆಲ್ಲ ಮೊದಲು ಜಗತ್ತಿನ ಕಣ್ಣು ತೆರೆಸಿದ್ದು ನ್ಯೂಯಾರ್ಕಿನ ಪ್ರಕರಣ. ವಿಮಾನದಲ್ಲಿ ಗಾಯಗೊಂಡ ಪ್ರಯಾಣಿಕನೊಬ್ಬನ ಪರವಾಗಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹುಸಿ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ್ದರು. 2023ರ ಜೂನ್‌ನಲ್ಲಿ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ 5,000 ಡಾಲರ್ ದಂಡ ಹಾಕಿದರು.

ಹೀಗೇಕೆ ಆಗುತ್ತದೆ ಎಂಬುದನ್ನು ವಕೀಲರೂ ಕಕ್ಷಿದಾರರೂ ತಿಳಿದಿರಬೇಕು. ಇಂಥ ಯಂತ್ರವು ಕೋಟ್ಯಂತರ ಪುಟಗಳ ಬರಹವನ್ನು ಅರಗಿಸಿಕೊಂಡು, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಬರೆಯುತ್ತದೆ. ತೀರ್ಪಿನ ಉಲ್ಲೇಖ ಹೇಗಿರುತ್ತದೆಂದು ಅದಕ್ಕೆ ಚೆನ್ನಾಗಿ ಗೊತ್ತು: ಒಬ್ಬರ ಹೆಸರು, ಎದುರಿಗೆ ಇನ್ನೊಬ್ಬರ ಹೆಸರು, ಆವರಣದಲ್ಲಿ ಇಸವಿ, ಸಂಪುಟ, ಪುಟ. ಆ ಅಚ್ಚಿಗೆ ಒಪ್ಪುವ ಹೆಸರುಗಳನ್ನು ಅದು ತುಂಬಿಸಿಬಿಡುತ್ತದೆ. ಅಂಥ ದಾವೆ ನಿಜವಾಗಿ ನಡೆದಿತ್ತೇ ಎಂದು ದಫ್ತರಕ್ಕೆ ಹೋಗಿ ನೋಡಿಬರುವ ಅಭ್ಯಾಸ ಅದಕ್ಕಿಲ್ಲ. ಬರೆದದ್ದು ನಿಜವಾಗಿದ್ದರೂ ಹುಸಿಯಾಗಿದ್ದರೂ ಧಾಟಿ ಒಂದೇ, ಅದೇ ಭರವಸೆಯ ಧಾಟಿ. ಕಾನೂನಿಗೆಂದೇ ಮಾಡಿದ ದುಬಾರಿ ತಂತ್ರಾಂಶಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪರೀಕ್ಷಿಸಿದಾಗ, ಅವೂ ಆರರಲ್ಲಿ ಒಂದಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ತಪ್ಪು ಆಧಾರದ ಉತ್ತರ ಕೊಟ್ಟವು. ಪುಕ್ಕಟೆ ಆ್ಯಪುಗಳ ಪಾಡು ಇನ್ನೂ ಕಡೆ.

ಮಗಳ ಪಾಲು, ಮಂಜೂರಿ ಜಮೀನು, ಗುಡಿಯ ಸುತ್ತಲ ನೂರು ಮೀಟರ್

ಇಲ್ಲದ ತೀರ್ಪು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ. ಅದಕ್ಕಿಂತ ಕಷ್ಟದ್ದು, ಇದ್ದೂ ಸತ್ತಿರುವ ತೀರ್ಪು. ನಮ್ಮ ತಾಲ್ಲೂಕುಗಳಲ್ಲಿ ದಿನವೂ ಎದುರಾಗುವ ಮಗಳ ಪಾಲಿನ ದಾವೆಯನ್ನೇ ನೋಡಿ.

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವುದರಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ರಾಜ್ಯದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಬಂತು. ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದು 2015ರಲ್ಲಿ ಪ್ರಕಾಶ್ ಮತ್ತು ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಕರ್ನಾಟಕದಿಂದಲೇ ಹೋದ ಮೊಕದ್ದಮೆ. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ, ತಂದೆ ಮೊದಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಈ ಗೊಂದಲಕ್ಕೆ ತೆರೆ ಬಿದ್ದದ್ದು 2020ರ ಆಗಸ್ಟ್ 11ರಂದು. ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ಸ್ಪಷ್ಟಪಡಿಸಿ ಫೂಲವತಿ ತೀರ್ಪನ್ನು ಬದಿಗೆ ಸರಿಸಿತು.

2015ರಿಂದ 2020ರವರೆಗೆ ಬಂದ ನೂರಾರು ಲೇಖನ, ತೀರ್ಪು, ಟಿಪ್ಪಣಿಗಳಲ್ಲಿ ಫೂಲವತಿ ಪ್ರಕರಣ ಗಟ್ಟಿ ಕಾನೂನಾಗಿ ಕೂತಿದೆ. ಅವನ್ನೆಲ್ಲ ಓದಿದ ಯಂತ್ರ ಅದನ್ನೇ ಎತ್ತಿಕೊಟ್ಟರೆ ಅಚ್ಚರಿಯಿಲ್ಲ. ತಾಳೆ ನೋಡದ ವಕೀಲರು ಅದನ್ನೇ ನಂಬಿ, ಅಪ್ಪ 1998ರಲ್ಲಿ ತೀರಿಕೊಂಡರೆಂಬ ಕಾರಣಕ್ಕೆ ನಿಮಗೆ ಪಾಲಿಲ್ಲಮ್ಮ ಎಂದು ಹೇಳಿ ಕಳುಹಿಸಿದರೆ, ಜಾವಗಲ್ಲಿನ ಕಡೆಗೋ ಬಾಣಾವರದ ಕಡೆಗೋ ಮದುವೆಯಾಗಿ ಹೋದ ಹೆಣ್ಣುಮಗಳು ಬಸ್ಸು ಹತ್ತಿ ಹೊರಟುಹೋಗುತ್ತಾಳೆ. ಅವಳ ಹಕ್ಕು ಯಾವ ಕಡತದಲ್ಲೂ ದಾಖಲಾಗದೆ ಅಲ್ಲಿಗೇ ಮುಗಿಯುತ್ತದೆ. ಮೇಲ್ಮನವಿಯಲ್ಲಿ ಸರಿಪಡಿಸಲು ಅಲ್ಲಿ ದಾವೆಯೇ ಇರುವುದಿಲ್ಲ.

ರಾಜ್ಯದ ವಿಶೇಷ ಕಾಯ್ದೆಗಳಿಗೆ ಬಂದರೆ ಯಂತ್ರದ ತಿಳಿವಳಿಕೆ ಮತ್ತಷ್ಟು ತೆಳುವಾಗುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯನ್ನು ಹಳ್ಳಿಯಲ್ಲೂ ಪಿಟಿಸಿಎಲ್ ಎಂದೇ ಕರೆಯುತ್ತಾರೆ. ಜಮೀನು ವಾಪಸು ಕೇಳುವವರು ಸಮಂಜಸ ಅವಧಿಯೊಳಗೆ ಬರಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೆ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ರಾಜ್ಯ ಶಾಸಕಾಂಗ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಅನ್ವಯವಾಗದು ಎಂದಿತು. ಆ ತಿದ್ದುಪಡಿಯ ವ್ಯಾಪ್ತಿಯ ಬಗ್ಗೆ ಹೈಕೋರ್ಟಿನಲ್ಲಿ ಮತ್ತೆ ವಾದ ನಡೆದು ತೀರ್ಪುಗಳು ಬಂದಿವೆ. ಇಷ್ಟು ಬೇಗ ಮಗ್ಗುಲು ಬದಲಿಸುವ ಕಾನೂನನ್ನು ಹಳೆಯ ಬರಹದ ರಾಶಿಯಿಂದ ಹೆಕ್ಕಿ ಹೇಳುವ ಯಂತ್ರ ಯಾವ ವರ್ಷದಲ್ಲಿ ನಿಂತು ಮಾತಾಡುತ್ತಿದೆ ಎಂದು ತಿಳಿಯುವುದು ಕಷ್ಟ.

ಬೇಲೂರು, ಹಳೇಬೀಡಿಗೆ ಇನ್ನೊಂದು ಸಂಗತಿ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಎರಡೂ ಊರಿನ ಹೊಯ್ಸಳ ದೇವಾಲಯಗಳು ಸೋಮನಾಥಪುರದ ಜೊತೆ ವಿಶ್ವಪರಂಪರೆಯ ಪಟ್ಟಿ ಸೇರಿದವು. ಅದಕ್ಕೂ ಬಹಳ ಮೊದಲಿನಿಂದ ಅವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದಿದ ಕಾಯ್ದೆಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ; ಇರುವ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬೇಕು. ಗುಡಿಯ ಬೀದಿಯಲ್ಲಿ ತಲೆತಲಾಂತರದಿಂದ ಇರುವ ಮನೆಯ ಸೋರುವ ಮಾಡು ತೆಗೆಸಬೇಕೆಂದರೂ ಈ ಕಾಯ್ದೆ ಅಡ್ಡ ಬರುತ್ತದೆ. ಪುರಸಭೆಯ ಪರವಾನಗಿ ಸಾಕೇ ಎಂದು ಯಂತ್ರವನ್ನು ಕೇಳುವವರು, ಮನೆ ಎಲ್ಲಿದೆ, ಸ್ಮಾರಕದ ಗಡಿ ಎಲ್ಲಿಗೆ ಬರುತ್ತದೆ ಎಂಬುದನ್ನು ಹೇಳದಿದ್ದರೆ ಅದು ಊರಿನ ಸಾಮಾನ್ಯ ನಿಯಮವನ್ನೇ ಒಪ್ಪಿಸುತ್ತದೆ. ಬೇಲೂರಿನ ವಕೀಲರಾದರೆ ಬೀದಿಯ ಹೆಸರು ಕೇಳಿದ ಕೂಡಲೇ ಮೀಟರಿನ ಲೆಕ್ಕ ಕೇಳುತ್ತಾರೆ. ಊರಿನ ನೆಲ ಬಲ್ಲವರ ತಿಳಿವಳಿಕೆ ಎನ್ನುವುದು ಇದನ್ನೇ.

ಯಂತ್ರದಿಂದ ಆಗುವ ಉಪಕಾರ

ಹಾಗೆಂದು ಇದನ್ನು ದೂರ ಇಡುವುದು ಸರಿಯಲ್ಲ. ದೂರ ಇಟ್ಟರೆ ನಷ್ಟ ಬಡವರಿಗೇ.

ಅರಸೀಕೆರೆಯ ಸಿವಿಲ್ ದಾವೆಯೊಂದು ಮೊದಲ ಮೇಲ್ಮನವಿ ದಾಟಿ ಎರಡನೆಯ ಮೇಲ್ಮನವಿಯಾಗಿ ಬೆಂಗಳೂರಿಗೆ ಹೋಯಿತೆನ್ನಿ. ಕೆಳಗಿನ ನ್ಯಾಯಾಲಯದಲ್ಲಿ ಕನ್ನಡ ಬಳಕೆಯಲ್ಲಿದೆ. ಸಂವಿಧಾನದ 348ನೆಯ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ಕ್ರಯಪತ್ರ, ಸಾಕ್ಷಿಯ ಹೇಳಿಕೆ, ಪಾಟೀಸವಾಲು ಎಲ್ಲವೂ ಅನುವಾದವಾಗಬೇಕು. ಅದಕ್ಕೆ ಹಣವೂ ಬೇಕು, ವಾರಗಟ್ಟಲೆ ಸಮಯವೂ ಬೇಕು. ಕರಡು ಅನುವಾದವನ್ನು ಯಂತ್ರ ಮಾಡಿಕೊಟ್ಟು, ಎರಡೂ ಭಾಷೆ ಬಲ್ಲವರು ಸಾಲು ಸಾಲಾಗಿ ತಿದ್ದಿದರೆ ಆ ಹೊರೆ ಬಹಳಷ್ಟು ಇಳಿಯುತ್ತದೆ. ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲೇ ಸುವಾಸ್ ಎಂಬ ಅನುವಾದ ತಂತ್ರಾಂಶವನ್ನು ಬಳಕೆಗೆ ತಂದಿತು. ಅದರ ನೆರವಿನಿಂದ ತೀರ್ಪುಗಳು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಬರುತ್ತಿವೆ. ಯಂತ್ರ ಮಾಡಿದ್ದನ್ನು ಅನುವಾದಕರು ಪರಿಶೀಲಿಸುತ್ತಾರೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಪ್ರಕಟಿಸಿದಾಗ ರಾಜ್ಯವೇ ಸಂತಸಪಟ್ಟಿತು. ಅಪರೂಪದ ಆ ಸಂಗತಿ ದಿನನಿತ್ಯದ್ದಾಗಲು ಅನುವಾದದ ಯಂತ್ರ ದಾರಿ ಮಾಡಿಕೊಡಬಲ್ಲದು.

ಸಾಕ್ಷ್ಯ ದಾಖಲಿಸುವುದರಲ್ಲೂ ನೆರವಿದೆ. ಈಗ ಸಾಕ್ಷಿ ಹೇಳುತ್ತಾ ಹೋದದ್ದನ್ನು ನ್ಯಾಯಾಧೀಶರು ಬರೆಸಬೇಕು, ಬೆರಳಚ್ಚುಗಾರರು ಟೈಪು ಮಾಡಬೇಕು. ಒಬ್ಬ ಸಾಕ್ಷಿಯ ಪಾಟೀಸವಾಲಿಗೆ ಅರ್ಧ ದಿನ ಹೋಗುತ್ತದೆ, ಉಳಿದವರಿಗೆ ಇನ್ನೊಂದು ವಾಯಿದೆ ಬೀಳುತ್ತದೆ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕಲಾಪ ಪರದೆಯ ಮೇಲೆ ಅಕ್ಷರವಾಗಿ ಮೂಡಿದ್ದು ಬೆಂಗಳೂರಿನ ಕಂಪನಿಯೊಂದು ರೂಪಿಸಿದ ಟೆರೆಸ್ ತಂತ್ರಾಂಶದಿಂದ. ನೆರೆಯ ಕೇರಳದಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಅಕ್ಷರಕ್ಕಿಳಿಸುವ ಇಂಥ ವ್ಯವಸ್ಥೆ 2025ರ ನವೆಂಬರ್‌ನಿಂದ ಜಿಲ್ಲಾ ನ್ಯಾಯಾಂಗಕ್ಕೆ ಬಂದಿದೆ. ಇ-ಕೋರ್ಟ್ಸ್ ಯೋಜನೆಯ ಮೂರನೆಯ ಹಂತಕ್ಕೆ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೊತ್ತ 7,210 ಕೋಟಿ ರೂಪಾಯಿ. ಅದರಲ್ಲಿ ಕೃತಕ ಬುದ್ಧಿಮತ್ತೆಯಂಥ ಹೊಸ ತಂತ್ರಜ್ಞಾನಕ್ಕೆಂದು ತೆಗೆದಿಟ್ಟದ್ದು 53.57 ಕೋಟಿ. ಹಾಸನ ಜಿಲ್ಲೆಯ ರೈತ ಮಹಿಳೆ ಕಟಕಟೆಯಲ್ಲಿ ನಿಂತು ಆಡುವ ಕನ್ನಡವನ್ನು ತಪ್ಪಿಲ್ಲದೆ ಕೇಳಿಸಿಕೊಳ್ಳುವಂತೆ ಯಂತ್ರವನ್ನು ತಿದ್ದುವುದಕ್ಕೆ ಆ ಹಣದಲ್ಲಿ ನ್ಯಾಯವಾದ ಪಾಲು ಸಿಗಬೇಕು. ಸ್ಟುಡಿಯೋದಲ್ಲಿ ಓದಿಸಿದ ಕನ್ನಡದಲ್ಲಿ ಪಳಗಿದ ಯಂತ್ರಕ್ಕೆ ನಮ್ಮ ಸಾಕ್ಷಿಗಳ ಮಾತು ಅರ್ಥವಾಗುವುದಿಲ್ಲ.

ಕಾಗದಪತ್ರಗಳ ರಾಶಿಯನ್ನು ಇಸವಿವಾರು ಜೋಡಿಸುವುದು, ಇನ್ನೂರು ಪುಟದ ಕಡತದಲ್ಲಿ ಒಂದು ಸರ್ವೆ ನಂಬರು ಎಲ್ಲೆಲ್ಲಿ ಬಂದಿದೆ ಎಂದು ಹುಡುಕುವುದು, ಕರಡು ನೋಟಿಸು ಸಿದ್ಧಪಡಿಸುವುದು ಇವೆಲ್ಲ ಯಂತ್ರಕ್ಕೆ ಹೇಳಿ ಮಾಡಿಸಿದ ಕೆಲಸಗಳು. ಎತ್ತಿನಹೊಳೆ ಕಾಲುವೆಗೆ ಬೇಲೂರು, ಅರಸೀಕೆರೆ ತಾಲ್ಲೂಕುಗಳಲ್ಲಿ ಜಮೀನು ಕೊಟ್ಟವರ ಪರಿಹಾರದ ಲೆಕ್ಕವನ್ನು ನೆನೆಯಿರಿ. ಗುಂಟೆಗಟ್ಟಲೆ ನೆಲ, ಅದರಲ್ಲಿದ್ದ ಮರಗಳು, ಹೆಸರು ತಾಳೆಯಾಗದ ಖಾತೆಗಳು, ಅಣ್ಣತಮ್ಮಂದಿರ ಒಪ್ಪಿಗೆ. ಇಂಥ ಲೆಕ್ಕವನ್ನು ಪಟ್ಟಿ ಮಾಡಿಕೊಳ್ಳಲು ಒಬ್ಬರೇ ಕೂತು ಕೆಲಸ ಮಾಡುವ ತಾಲ್ಲೂಕು ವಕೀಲರಿಗೆ ಈಗ ದೊಡ್ಡ ಸಂಸ್ಥೆಯಷ್ಟೇ ಬಲ ಬಂದಿದೆ. ಇದು ಸಣ್ಣ ಲಾಭವಲ್ಲ.

ಭೂಮಿ ಯೋಜನೆ ಕಲಿಸಿದ ಪಾಠ

ಯಂತ್ರಕ್ಕೆ ದಾಖಲೆ ಒಪ್ಪಿಸಿದಾಗ ಏನಾಗುತ್ತದೆ ಎಂಬುದು ಕರ್ನಾಟಕದ ರೈತರಿಗೆ ಹೊಸದಲ್ಲ. 2000ದ ಸುಮಾರಿಗೆ ಭೂಮಿ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅದರಿಂದ ಆದ ಒಳಿತು ಅಪಾರ. ಪಹಣಿಗಾಗಿ ಶಾನುಭೋಗರನ್ನೋ ಗ್ರಾಮಲೆಕ್ಕಿಗರನ್ನೋ ಕಾಯುವುದು ತಪ್ಪಿತು. ಆದರೆ ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಇಳಿಸುವಾಗ ನುಸುಳಿದ ತಪ್ಪುಗಳನ್ನು ಜನ ವರ್ಷಗಟ್ಟಲೆ ಹೊತ್ತರು. ಕಾಲಂ 3 ಮತ್ತು ಕಾಲಂ 9ರ ವಿಸ್ತೀರ್ಣ ತಾಳೆಯಾಗದ ಪಹಣಿ ಹಿಡಿದು ನಾಡಕಚೇರಿ, ತಾಲ್ಲೂಕು ಕಚೇರಿ, ಉಪವಿಭಾಗಾಧಿಕಾರಿ ಕಚೇರಿ ಸುತ್ತಿದವರು ಪ್ರತಿ ಊರಲ್ಲೂ ಇದ್ದಾರೆ. ತಿದ್ದುಪಡಿಗೆಂದೇ ಅದಾಲತ್ತುಗಳನ್ನು ನಡೆಸಬೇಕಾಯಿತು. ನಮೂದು ಮಾಡಿದವರ ತಪ್ಪಿಗೆ ಅಲೆದಾಟ ರೈತರದಾಯಿತು.

ಈಗ ರಾಜ್ಯ ಸರ್ಕಾರದ ಭೂಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ಮುಂದೆ ಆ ಕಡತಗಳನ್ನು ಓದುವುದು ಯಂತ್ರವೇ. ಮಸಿ ಹರಡಿದ ಅಂಕಿ, ಅಂಚು ಹರಿದ ಹಾಳೆ, ಖರಾಬು ಸೇರಿಸಿ ಬರೆದದ್ದೋ ಕಳೆದು ಬರೆದದ್ದೋ ತಿಳಿಯದ ವಿಸ್ತೀರ್ಣ ಇವನ್ನೆಲ್ಲ ಅದು ಊಹಿಸಿ ತುಂಬಿಸಿದರೆ, ಊಹೆ ಎಂಬ ಗುರುತೇ ಇಲ್ಲದೆ ಅದು ದಾಖಲೆಯಾಗಿಬಿಡುತ್ತದೆ. ಭೂಮಿ ಕಾಲದ ತಪ್ಪನ್ನು ಮೂಲ ಪುಸ್ತಕ ತೆಗೆದು ತೋರಿಸಬಹುದಿತ್ತು. ಮೂಲ ಹಾಳೆಯನ್ನು ಜೋಪಾನ ಮಾಡುವುದು, ಯಂತ್ರ ಓದಿದ್ದರ ಪಕ್ಕದಲ್ಲೇ ಅದರ ಚಿತ್ರ ಇರುವಂತೆ ನೋಡಿಕೊಳ್ಳುವುದು ಅದಕ್ಕಾಗಿಯೇ ಅನಿವಾರ್ಯ.

ಹಳೇಬೀಡಿನ ರಾಜಿಯ ಹಿಂದೆ ನಿಂತ ಹೆಸರುಗಳು

ತೀರ್ಮಾನವೊಂದಕ್ಕೆ ಬಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಈ ನೆಲದಲ್ಲೇ ಹಳೆಯ ಉದಾಹರಣೆಯಿದೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬ ವೀರಶೈವರು ಲಿಂಗಮುದ್ರೆ ಒತ್ತಿದ್ದರು. ವಿಜಯಪ್ಪ ಎಂಬ ಜೈನರು ಅದನ್ನು ಅಳಿಸಿದರು. ಎರಡು ಸಮುದಾಯಗಳ ನಡುವೆ ಬೆಂಕಿ ಹೊತ್ತಬಹುದಾಗಿದ್ದ ವ್ಯಾಜ್ಯ. 1638ರಲ್ಲಿ ಅದು ರಾಜಿಯಾದ ಬಗೆ ಬೇಲೂರು ತಾಲ್ಲೂಕಿನ ಶಾಸನದಲ್ಲಿದೆ, ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಅದು ಅಚ್ಚಾಗಿದೆ. ಮೊದಲು ವಿಭೂತಿ, ವೀಳ್ಯ ಕೊಡಿಸಿ, ಆಮೇಲೆ ಜೈನರು ತಮ್ಮ ಪೂಜೆ ಪುನಸ್ಕಾರಗಳನ್ನು ಎಂದಿನಂತೆ ನಡೆಸಿಕೊಂಡು ಹೋಗಬೇಕೆಂದು ತೀರ್ಮಾನವಾಯಿತು. ಇದನ್ನು ಮೀರಿ ಜೈನಧರ್ಮಕ್ಕೆ ಅಡ್ಡಿ ಮಾಡುವವರು ಶಿವದ್ರೋಹಿಗಳು, ಮಹಾಮಹತ್ತಿಗೆ ಹೊರಗಾದವರು ಎಂದು ವೀರಶೈವ ಮುಖಂಡರೇ ಬರೆಸಿದರು.

ಯಾರ ಕಡೆಯವರಿಂದ ತಪ್ಪು ನಡೆದಿತ್ತೋ ಅವರ ಹಿರಿಯರೇ ಹೆಸರು ಹೇಳಿ ಹೊಣೆ ಹೊತ್ತದ್ದು ಆ ರಾಜಿಯ ಶಕ್ತಿ. ಊರ ಮುಂದೆ, ಊರ ಭಾಷೆಯಲ್ಲಿ, ಯಾರು ಬೇಕಾದರೂ ಬಂದು ಓದಬಹುದಾದ ಕಲ್ಲಿನಲ್ಲಿ ಬರೆಸಿದ್ದರಿಂದ ಅದು ನಿಂತಿತು. ಇಂದಿನ ನ್ಯಾಯದಾನವೂ ಇದೇ ಮೂರು ಕಂಬಗಳ ಮೇಲೆ ನಿಂತಿದೆ: ತೀರ್ಮಾನಕ್ಕೆ ಒಬ್ಬ ಮನುಷ್ಯನ ಹೆಸರಿರಬೇಕು, ಅದು ಬಹಿರಂಗವಾಗಿರಬೇಕು, ಬಾಧಿತರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬಹಿರಂಗವಾಗಲು, ಅರ್ಥವಾಗಲು ಯಂತ್ರ ಬಹಳ ಸಹಾಯ ಮಾಡುತ್ತದೆ. ಹೆಸರನ್ನು ಅದು ಕೊಡಲಾರದು. ತಪ್ಪಾದರೆ ಅದನ್ನು ಕಟಕಟೆಗೆ ಕರೆಯಲಾಗದು, ಅದರ ಸನದು ಕಿತ್ತುಕೊಳ್ಳಲಾಗದು, ಅದಕ್ಕೆ ದಂಡ ಹಾಕಲಾಗದು. ವಕಾಲತ್ತಿಗೆ, ವಾದಪತ್ರಕ್ಕೆ, ಆದೇಶಕ್ಕೆ ಸಹಿ ಹಾಕುವವರೇ ಅದರ ಪ್ರತಿ ಅಕ್ಷರಕ್ಕೂ ಉತ್ತರ ಹೇಳಬೇಕು.

ಕಕ್ಷಿದಾರರ ಗುಟ್ಟು, ಕಿರಿಯರ ಕಲಿಕೆ

ವಕೀಲರ ಮುಂದೆ ಜನ ಮನೆಯ ಗುಟ್ಟು ಬಿಚ್ಚುತ್ತಾರೆ. ಆ ಗುಟ್ಟನ್ನು ಕಾಯುವುದು ವಕೀಲರ ಧರ್ಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ಅದನ್ನು ಕಾನೂನಾಗಿಯೂ ಹೇಳುತ್ತದೆ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ಅಪರಾಧ. ಪೋಕ್ಸೊ ಪ್ರಕರಣದ ದೋಷಾರೋಪ ಪಟ್ಟಿಯನ್ನೋ ವಿಚ್ಛೇದನದ ಅರ್ಜಿಯನ್ನೋ ಫೋಟೋ ತೆಗೆದು ಪುಕ್ಕಟೆ ಆ್ಯಪಿಗೆ ಹಾಕಿದ ಮೇಲೆ ಅದು ಯಾವ ದೇಶದ ಕಂಪ್ಯೂಟರಿನಲ್ಲಿ ಎಷ್ಟು ಕಾಲ ಇರುತ್ತದೆ, ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದರ ಮೇಲೆ ವಕೀಲರಿಗೆ ಹಿಡಿತ ಇರುವುದಿಲ್ಲ. ಎಲ್ಲರಿಗೂ ಎಲ್ಲರ ಪರಿಚಯವಿರುವ ಸಣ್ಣ ಊರಿನಲ್ಲಿ ಒಂದು ಹೆಸರು ಹೊರಬಿದ್ದರೆ ಒಂದು ಮನೆಯೇ ಊರು ಬಿಡಬೇಕಾಗುತ್ತದೆ. ಹೆಸರು, ಊರು, ನಂಬರುಗಳನ್ನು ತೆಗೆಯದೆ ಯಾವ ಕಡತವನ್ನೂ ಯಂತ್ರಕ್ಕೆ ತೋರಿಸಬಾರದು. ಇಂಥ ಸೂಕ್ಷ್ಮ ಪ್ರಕರಣಗಳನ್ನಂತೂ ತೋರಿಸಲೇಬಾರದು.

ಇನ್ನೊಂದು ಚಿಂತೆ ಕಿರಿಯ ವಕೀಲರದು. ಹಿರಿಯರ ಕಚೇರಿಯಲ್ಲಿ ಕೂತು ಹಳೆಯ ಕಡತ ಓದಿ, ಕರಡು ಬರೆದು, ಅದರ ಮೇಲೆ ಕೆಂಪು ಗೀಟು ಹಾಕಿಸಿಕೊಂಡು, ಮತ್ತೆ ಬರೆದು ಈ ವೃತ್ತಿಯನ್ನು ಕಲಿಯುತ್ತಾರೆ. ದಾವೆಯ ಕಾರಣ ಯಾವ ದಿನ ಹುಟ್ಟಿತು, ಯಾರನ್ನು ಪ್ರತಿವಾದಿ ಮಾಡದೆ ಬಿಟ್ಟರೆ ದಾವೆ ಬೀಳುತ್ತದೆ ಎಂಬುದು ಹಾಗೆ ಬರೆದವರಿಗೆ ಮಾತ್ರ ಕೈಗತವಾಗುತ್ತದೆ. ಮೊದಲ ವರ್ಷದಿಂದಲೇ ಕರಡನ್ನು ಯಂತ್ರ ಬರೆದುಕೊಟ್ಟರೆ, ಹತ್ತು ವರ್ಷದ ನಂತರ ಅದರ ತಪ್ಪು ಹಿಡಿಯುವವರು ಯಾರು? ಹಾಗಾಗಿ ಕಿರಿಯರು ಮೊದಲು ತಾವೇ ಬರೆಯಲಿ, ಆಮೇಲೆ ಯಂತ್ರದ್ದನ್ನು ಪಕ್ಕದಲ್ಲಿಟ್ಟು ನೋಡಲಿ. ಕೋರ್ಟಿನ ಸುತ್ತ ಬದುಕು ಕಟ್ಟಿಕೊಂಡ ಬೆರಳಚ್ಚುಗಾರರು, ಡಿಟಿಪಿ ಅಂಗಡಿಯವರು, ವಕೀಲರ ಗುಮಾಸ್ತರನ್ನೂ ಮರೆಯುವಂತಿಲ್ಲ. ಕಾನೂನು ಕನ್ನಡವನ್ನು ಕಾಗುಣಿತ ತಪ್ಪದೆ ಬಲ್ಲವರು ಅವರು. ಯಂತ್ರದ ಕನ್ನಡವನ್ನು ತಿದ್ದುವ ಕೆಲಸಕ್ಕೆ ಅವರಿಗಿಂತ ಯೋಗ್ಯರಿಲ್ಲ.

ಈಗಲೇ ಆಗಬೇಕಾದ್ದು

ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ತನ್ನ ಜಿಲ್ಲಾ ನ್ಯಾಯಾಂಗಕ್ಕೆ ಎಐ ಬಳಕೆಯ ನೀತಿಯನ್ನು ಹೊರಡಿಸಿತು. ದೇಶದಲ್ಲಿ ಅದೇ ಮೊದಲು. ಅನುಮೋದಿತ ಸಾಧನಗಳನ್ನು ಮಾತ್ರ ಬಳಸಬೇಕು. ತೀರ್ಮಾನ, ಪರಿಹಾರ, ಆದೇಶ, ತೀರ್ಪಿಗೆ ಯಂತ್ರವನ್ನು ನೆಚ್ಚಬಾರದು. ಯಂತ್ರದ ಅನುವಾದವನ್ನು ಅನುವಾದಕರೋ ನ್ಯಾಯಾಧೀಶರೋ ಪರಿಶೀಲಿಸಬೇಕು. ಎಲ್ಲಿ ಬಳಸಿದೆವೆಂಬುದಕ್ಕೆ ದಾಖಲೆ ಇಡಬೇಕು. ಇಷ್ಟೇ ಸ್ಪಷ್ಟವಾದ ಶಿಸ್ತು ನಮ್ಮ ತಾಲ್ಲೂಕು ನ್ಯಾಯಾಲಯಗಳ ದಿನಚರಿಯೂ ಆಗಬೇಕು. ವಕೀಲರಿಗೂ ಅದು ಅನ್ವಯವಾಗಬೇಕು.

ಪರಿಶೀಲಿಸಲು ದುಡ್ಡು ಬೇಕಿಲ್ಲ. ಸುಪ್ರೀಂ ಕೋರ್ಟಿನ ತೀರ್ಪುಗಳು 2023ರಿಂದ ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹೈಕೋರ್ಟಿನ ತೀರ್ಪುಗಳು ಅದರ ಜಾಲತಾಣದಲ್ಲಿವೆ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್‌ನಲ್ಲೂ ರಾಜ್ಯದವು ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲೂ ಇವೆ. ಯಂತ್ರ ಕೊಟ್ಟ ಪ್ರತಿ ತೀರ್ಪನ್ನು ತೆರೆದು ಓದಿ, ಮುಂದೆ ಅದನ್ನು ಯಾರಾದರೂ ತಳ್ಳಿಹಾಕಿದ್ದಾರೆಯೇ ಎಂದು ನೋಡಿ, ಆಮೇಲಷ್ಟೇ ಬರೆಯಬೇಕು.

ಕಕ್ಷಿದಾರರಿಗೂ ಒಂದು ಮಾತು. ನಿಮ್ಮ ಕೇಸಿಗೆ ಇಂಥ ತೀರ್ಪಿದೆ ಎಂದು ಮೊಬೈಲು ಹೇಳಿದರೆ ಅದನ್ನು ನಂಬಿ ರಾಜಿ ಮಾಡಿಕೊಳ್ಳಬೇಡಿ, ಹಕ್ಕನ್ನೂ ಬಿಡಬೇಡಿ. ವಕೀಲರಿಗೆ ಶುಲ್ಕ ಕೊಡಲಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಕೊನೆಯದಾಗಿ ಅರಸೀಕೆರೆ, ಬೇಲೂರಿನ ವಕೀಲ ಸಮೂಹದಲ್ಲಿ ಒಂದು ಕೇಳಿಕೆ. ಮೇಲಿನಿಂದ ನಿಯಮ ಬರಲೆಂದು ಕಾಯಬೇಕಿಲ್ಲ. ಸಂಘದ ಸಭೆಯಲ್ಲಿ ಮೂರು ನಿರ್ಣಯ ಸಾಕು. ಕಣ್ಣಾರೆ ಓದದ ತೀರ್ಪನ್ನು ಯಾರೂ ನ್ಯಾಯಾಲಯದ ಮುಂದಿಡಬಾರದು. ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅವರ ಕಾಗದ ಯಾವ ಆ್ಯಪಿಗೂ ಹೋಗಬಾರದು. ಇಂಗ್ಲಿಷಿನಲ್ಲಿ ಬಂದ ಪ್ರತಿ ಆದೇಶಕ್ಕೂ ಯಂತ್ರದ ನೆರವಿನಿಂದ ಕನ್ನಡ ಸಾರಾಂಶ ಮಾಡಿ, ವಕೀಲರೇ ತಿದ್ದಿ, ಸಹಿ ಹಾಕಿ, ಕಕ್ಷಿದಾರರ ಕೈಗೆ ಕೊಡಬೇಕು. ತನ್ನ ತೋಟದ ಬಗ್ಗೆ ಕೋರ್ಟು ಏನು ಹೇಳಿತು ಎಂದು ಗಂಡಸಿ ಹೋಬಳಿಯ ರೈತ ಇನ್ನೊಬ್ಬರನ್ನು ಕೇಳದೆ ಓದಿಕೊಳ್ಳುವಂತಾದರೆ, ಆಗ ಈ ತಂತ್ರಜ್ಞಾನ ನ್ಯಾಯದ ಕೆಲಸ ಮಾಡಿತೆಂದು ಒಪ್ಪಬಹುದು.